ಉಸಿರಾಡುವವಳಿಗೆ ಇಟ್ಟ ಎಡೆ

ಹಿಂದಿನ ಸಾಲಿನಲ್ಲಿ ಕುಳಿತು ಮೊಬೈಲು ಉಜ್ಜುತ್ತಿರುವವರೇ, ಅದನ್ನು ಕಿಸೆಗೆ ಹಾಕಿರಿ. ಊಟದ ಪೆಂಡಾಲಿನ ಕಡೆಗೆ ಕುತ್ತಿಗೆ ತಿರುಗಿಸಿ ಕುಳಿತವರೇ, ಇತ್ತ ತಿರುಗಿರಿ, ಗೋಧಿ ಹುಗ್ಗಿ ಎಲ್ಲಿಗೂ ಓಡಿ ಹೋಗುವುದಿಲ್ಲ. ಇವತ್ತಿನ ಮಾತುಗಳನ್ನೆಲ್ಲ ಶಾಲೆಯ ಸಂಚಿಕೆಯಲ್ಲಿ ಅಚ್ಚು ಹಾಕಿಸುತ್ತಾರಂತೆ. ಹಾಗಾದರೆ ಮುಂದೊಂದು ದಿನ ಕಾಲು ಚಾಚಿಕೊಂಡು ಇದನ್ನು ಓದುವವನೇ, ನಿನಗೂ ಒಂದು ಮಾತು. ನೆಟ್ಟಗೆ ಕುಳಿತು ಓದು. ಮಂದಿಯ ಮನೆಯ ಸುದ್ದಿ ಸಿಕ್ಕಿತೆಂದು ಬಾಯಿ ಚಪ್ಪರಿಸಬೇಡ. ಮೊದಲು ನಿನ್ನ ಮನೆಯ ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ ಎಂದು ನೋಡಿಕೊಂಡು ಬಾ. ಆಮೇಲೆ ಓದು.

ಬೈಗುಳ ಮುಗಿಯಿತು. ಇನ್ನು ಮರ್ಯಾದೆ.

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತ ಹೆಡ್ ಮಾಸ್ತರರಾದ ಗವಿಸಿದ್ದೇಶ ಅವರೇ, ಕೊಪ್ಪಳದಿಂದ ಬಂದು ಇನ್ನೂ ಬೆವರು ಒರೆಸಿಕೊಳ್ಳುತ್ತಿರುವ ಸಾಹೇಬರೇ, ಮಕ್ಕಳಿಗೆ ನಾಟಕ ಕಲಿಸಿದ ಹೇಮಾ ಟೀಚರೇ, ಈ ಹೊಸ ರಂಗಮಂದಿರವನ್ನು ಕಟ್ಟಿಸಿಕೊಟ್ಟು, ಇವತ್ತು ಶಾಲು ಹೊದ್ದು, ಹಾರ ಹಾಕಿಸಿಕೊಂಡು ಕುಳಿತ ನನ್ನ ತಮ್ಮ ಈಶಪ್ಪನೇ, ತಾಯಂದಿರೇ, ಮಕ್ಕಳೇ, ಸಭಿಕರೇ,

ನಾನು ಕಳಕಮ್ಮ. ನಿಮಗೆಲ್ಲ ಗೊತ್ತಿದೆ, ಆದರೂ ಹೆಸರು ಹೇಳಿಯೇ ಶುರು ಮಾಡಬೇಕೆಂದು ಹೇಮಾ ಟೀಚರು ಹೇಳಿಕೊಟ್ಟಿದ್ದಾರೆ. ಇದೇ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದೆ. ಆಗ ಒಂದೇ ಕೋಣೆ ಇತ್ತು, ಒಬ್ಬರೇ ಮಾಸ್ತರರು, ಅವರೂ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದರು. ಅಷ್ಟು ವಿದ್ಯೆಯಲ್ಲಿ ಎಷ್ಟು ಭಾಷಣ ಬರುತ್ತದೆಯೋ ಅಷ್ಟು ಮಾಡುತ್ತೇನೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತಮ್ಮನ ಮನೆಯಲ್ಲಿದ್ದೇನೆ. ಮಕ್ಕಳಿಲ್ಲ. ತಮ್ಮನ ಅನ್ನ ಉಣ್ಣುತ್ತೇನೆ, ತಮ್ಮನ ಅಡುಗೆಯನ್ನೂ ನಾನೇ ಮಾಡುತ್ತೇನೆ. ಹೀಗಾಗಿ ಯಾರು ಯಾರ ಋಣದಲ್ಲಿದ್ದಾರೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಶಬ್ಬೀರಸಾಬ, ಮೈಕಿನ ಕಿರುಚಾಟ ನಿಲ್ಲಿಸಪ್ಪ. ಹಾಂ, ಈಗ ಸರಿಯಾಯಿತು.

"ನಿಮ್ಮ ತಮ್ಮನ ಬಗ್ಗೆ ಎರಡು ಛಲೋ ಮಾತು ಹೇಳ್ರಿ, ಅಮ್ಮಾರ" ಎಂದು ಮಾಸ್ತರರು ಮನೆಗೆ ಬಂದು ಹೇಳಿ ಹೋದರು. ಎರಡು ಒಳ್ಳೆಯ ಮಾತು ನನ್ನಲ್ಲಿವೆ. ಒಂದು, ಈಶಪ್ಪ ಗೊಬ್ಬರದ ಅಂಗಡಿಯಲ್ಲಿ ಯಾವ ರೈತನಿಗೂ ಕಲಬೆರಕೆ ಮಾಲು ಕೊಟ್ಟವನಲ್ಲ. ಇನ್ನೊಂದು, ಅವನು ಆಡಿದ ಮಾತಿಗೆ ತಪ್ಪುವುದಿಲ್ಲ. ಈ ಎರಡನೆಯದು ಒಳ್ಳೆಯ ಗುಣವೇ? ಬರುವ ದಾರಿಯಲ್ಲಿ ಇದನ್ನೇ ಯೋಚಿಸುತ್ತ ಬಂದೆ.

ಈಗಷ್ಟೇ ಮಕ್ಕಳು ಆಡಿದ ನಾಟಕವನ್ನು ನೀವೆಲ್ಲ ನೋಡಿದಿರಿ. ಯಾವುದೋ ದೂರದ ದೇಶದವರ ಹಬ್ಬದ ಕಥೆಯನ್ನು ಹೇಮಾ ಟೀಚರು ನಮ್ಮ ಅಮಾವಾಸ್ಯೆಗೆ ತಂದು ಕೂರಿಸಿದ್ದಾರೆ. ಒಬ್ಬ ಜಿಪುಣ ಸಾಹುಕಾರ. ಹಬ್ಬದ ದಿನವೂ ಆಳಿಗೆ ರಜೆ ಕೊಡುವುದಿಲ್ಲ, ಬಂಧುಗಳನ್ನು ಬಾಗಿಲಿನಿಂದ ಅಟ್ಟುತ್ತಾನೆ. ಅವನ ಮನೆಗೆ ಒಂದರ ಹಿಂದೆ ಒಂದು ಮೂರು ದೆವ್ವಗಳು ಬರುತ್ತವೆ. ಒಂದು, ಹಿಂದೆ ಆದದ್ದನ್ನು ತೋರಿಸುತ್ತದೆ. ಇನ್ನೊಂದು, ಈಗ ಆಗುತ್ತಿರುವುದನ್ನು ತೋರಿಸುತ್ತದೆ. ಮತ್ತೊಂದು, ಮುಂದೆ ಆಗುವುದನ್ನು ತೋರಿಸುತ್ತದೆ. ಸಾಹುಕಾರ ಹೆದರಿ, ಅತ್ತು, ಬೆಳಗಾಗುವುದರೊಳಗೆ ದೇವರಂಥ ಮನುಷ್ಯನಾಗಿ ಊರಿಗೆಲ್ಲ ಹೋಳಿಗೆ ಹಂಚುತ್ತಾನೆ. ನೀವು ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಎರಡನೆಯ ದೆವ್ವದ ಬಿಳಿ ಚಾದರದ ಕೆಳಗೆ ಹವಾಯಿ ಚಪ್ಪಲಿ ಕಾಣುತ್ತಿತ್ತು, ಅದಕ್ಕೂ ತಟ್ಟಿದೆ. ಮೂರನೆಯ ದೆವ್ವದ ಹುಡುಗಿಯಂತೂ ಕಲಿತ ಮಾತು ಮರೆತು ಸುಮ್ಮನೆ ಬೆರಳು ತೋರಿಸುತ್ತ ನಿಂತುಬಿಟ್ಟಳು. ಅಳಬೇಡ ಮಗಳೇ. ಎಲ್ಲರಿಗಿಂತ ನೀನೇ ಚೆನ್ನಾಗಿ ಮಾಡಿದೆ.

ಆದರೆ ಟೀಚರೇ, ಒಂದು ಮಾತು ಕೇಳಲೇ? ದೆವ್ವಗಳಿಗೆ ಅಷ್ಟು ಬಿಡುವು ಎಲ್ಲಿದೆ? ಕೈ ಹಿಡಿದುಕೊಂಡು ಊರೆಲ್ಲ ತಿರುಗಿಸಿ, ತಪ್ಪು ತೋರಿಸಿ, ಬುದ್ಧಿ ಹೇಳಿ, ಮತ್ತೆ ಹಾಸಿಗೆಗೆ ತಂದು ಮಲಗಿಸುವ ದೆವ್ವವನ್ನು ನಾನು ಕಂಡಿಲ್ಲ. ನಮ್ಮ ಕಡೆಯ ಸತ್ತವರು ಹೆದರಿಸಲು ಬರುವುದಿಲ್ಲ. ಊಟಕ್ಕೆ ಬರುತ್ತಾರೆ. ಉಂಡು ಹೋಗುತ್ತಾರೆ. ಅವರು ಬಂದಾಗ ನಾವು ಬಾಗಿಲು ಮುಚ್ಚಿ ಹೊರಗೆ ಕುಳಿತಿರುತ್ತೇವೆ. ಅವರು ಏನು ಹೇಳಿದರು, ಯಾರ ಮುಖ ಹುಡುಕಿದರು, ಅತ್ತರೋ ನಕ್ಕರೋ, ಯಾರು ಕಂಡಿದ್ದಾರೆ?

ಹೊರಗಿನಿಂದ ಬಂದ ಸಾಹೇಬರಿಗೆ ತಿಳಿಯಲಿ ಎಂದು ಹೇಳುತ್ತೇನೆ. ಮುಂದಿನ ತಿಂಗಳು ಮಾನಮಿ ಅಮಾವಾಸ್ಯೆ, ಅಂದರೆ ಮಹಾಲಯ ಅಮಾವಾಸ್ಯೆ ಬರುತ್ತದೆ. ಅವತ್ತು ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ನಡುಮನೆಯನ್ನು ಸಾರಿಸಿ, ಕಂಬಳಿ ಹಾಸಿ, ಸತ್ತವರ ಹೆಸರಿನಲ್ಲಿ ಒಂದೊಂದು ತಂಬಿಗೆ, ಒಂದೊಂದು ಎಲೆ. ಅವರವರಿಗೆ ಇಷ್ಟವಾದದ್ದನ್ನು ಅವರವರ ಎಲೆಗೆ ಬಡಿಸಬೇಕು. ನಮ್ಮಪ್ಪನ ಎಲೆಯ ಪಕ್ಕದಲ್ಲಿ ಬೀಡಿ ಕಟ್ಟು ಇಡುತ್ತೇವೆ, ನಮ್ಮವ್ವನ ಎಲೆಯ ಪಕ್ಕದಲ್ಲಿ ನಶ್ಯದ ಡಬ್ಬಿ. ಹೊಸ ಬಟ್ಟೆ ಇಟ್ಟು, ಊದು ಹಾಕಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಪಡಸಾಲೆಗೆ ಬಂದು ಬೆನ್ನು ತಿರುಗಿಸಿ ಕುಳಿತುಕೊಳ್ಳಬೇಕು. ಸಂದಿಯಲ್ಲಿ ಇಣುಕಬಾರದು. ಇಣುಕಿದರೆ ಬಂದ ಹಿರಿಯರು ಕೈ ತೊಳೆಯದೆ ಎದ್ದು ಹೋಗುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಮನೆಯ ಯಜಮಾನ ಕೆಮ್ಮಿ, ಬಾಗಿಲು ತಟ್ಟಿ ತೆಗೆಯುತ್ತಾನೆ. ನಟ್ಟನಡು ಮಧ್ಯಾಹ್ನ ನಡೆಯುವ ಕೆಲಸ ಇದು. ನಾಟಕದ ಹಾಗೆ ಕತ್ತಲು ಬೇಕಾಗಿಲ್ಲ.

ಈ ಪದ್ಧತಿಯನ್ನು ಈಶಪ್ಪನಷ್ಟು ಕಟ್ಟುನಿಟ್ಟಾಗಿ ನಡೆಸುವವನು ಈ ಸೀಮೆಯಲ್ಲಿ ಇಲ್ಲ. ಅಳವಂಡಿಯವರೆಗೆ ಕೇಳಿಕೊಂಡು ಬನ್ನಿರಿ. ಯಾರು ಕೆಮ್ಮಿದರೂ ಗದರಿಸುತ್ತಾನೆ. ತಾನಂತೂ ಕಂಬದ ಕಡೆ ಮುಖ ಮಾಡಿ ಕಣ್ಣು ಮುಚ್ಚಿಯೇ ಕುಳಿತಿರುತ್ತಾನೆ.

ಅವನಿಗೆ ಒಬ್ಬಳೇ ಮಗಳು, ಶಿವಲೀಲಾ. ಹೆಸರು ಹೇಳಿದ ಕೂಡಲೇ ಕೆಲವರು ನೆಲ ನೋಡುತ್ತಿದ್ದೀರಿ. ನೋಡಿರಿ, ಹೊಸ ಫರ್ಸಿ ಕಲ್ಲು ಹಾಕಿಸಿದ್ದಾನೆ, ಚೆನ್ನಾಗಿದೆ. ಇದೇ ಶಾಲೆಯಲ್ಲಿ ಓದಿದ ಹುಡುಗಿ. ಅವಳಿಗೆ ಸೋದರಮಾವನ ಜೊತೆ ಮದುವೆ ಗೊತ್ತು ಮಾಡಿದ್ದರು. ಅವಳ ತಾಯಿ ಮಲ್ಲೇಶ್ವರಿಯ ತಮ್ಮ, ಕುಷ್ಟಗಿ ಕಡೆಯ ಗುರುಬಸವ. ತೊಟ್ಟಿಲಲ್ಲಿದ್ದಾಗಲೇ ಆಡಿದ ಮಾತು ಅದು. ನಿಶ್ಚಯದ ದಿನ ಬೆಳಿಗ್ಗೆ ಬೀಗರ ಗಾಡಿ ಬಂದು ನಿಂತಿತ್ತು. ಹುಡುಗಿ ಸೀರೆ ಉಡದೆ ಅಡುಗೆಮನೆಯ ಮೂಲೆಯಲ್ಲಿ ಕುಳಿತಿದ್ದಳು.

"ಅತ್ತಿ, ನಮ್ಮ ಮಾವನ ಹೆಗಲ ಮ್ಯಾಲೆ ಕುಂತು ಸಾಲಿಗೆ ಹೋದಾಕಿ ನಾನು. ಆ ಹೆಗಲಿನವನ್ನ ಹೆಂಗ ಗಂಡ ಅನ್ಲಿ?"

"ಎಲ್ಲಾರೂ ಅಂದಾರವ್ವ" ಎಂದೆ ನಾನು.

"ಹಂಗಂದೋರು ಎಷ್ಟು ಮಂದಿ ನಿನ್ನ ಮುಂದ ಕುಂತು ಅತ್ತಾರ, ಅದನ್ನ ಹೇಳು."

ಬಂದವರಿಗೆ ನೀರು ಕೊಡುವ ನೆಪ ಮಾಡಿ ನಾನು ಎದ್ದು ಹೋದೆ. ಆ ಹುಡುಗಿ ಹಿತ್ತಲಿನಿಂದ ಹೊರಟು ಹೋದಳು. ಗಂಗಾವತಿಯಲ್ಲಿ ನರ್ಸ್ ಕಲಿತು, ಅಲ್ಲಿಯೇ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಯಾರ ಜೊತೆಯೂ ಓಡಿ ಹೋಗಲಿಲ್ಲ. ಓಡಿ ಹೋಗಿದ್ದರೆ ಊರವರಿಗೆ ಅರ್ಥವಾಗುತ್ತಿತ್ತು. ಸುಮ್ಮನೆ ಒಲ್ಲೆ ಎಂದಳಲ್ಲ, ಅದು ಯಾರಿಗೂ ಅರ್ಥವಾಗಲಿಲ್ಲ.

ಆ ವರ್ಷದ ಅಮಾವಾಸ್ಯೆಗೆ ನಾನು ಎಲೆ ಹಾಸುತ್ತಿದ್ದೆ. ಈಶಪ್ಪ ಬಂದು ನಿಂತ. ಕೈಯಲ್ಲಿ ಹಸಿರು ಸೀರೆ, ಬಳೆ.

"ಅಕ್ಕಾ, ಇನ್ನೊಂದು ಎಲಿ ಹಾಕು."

"ಯಾರಿಗೋ?"

"ಶಿವಲೀಲಾಗ."

"ಏನ ತಮ್ಮಾ, ಉಸಿರಾಡೋ ಹುಡುಗಿಗೆ ಎಡಿ ಇಡ್ತಾರೇನೋ?"

"ನನ್ನ ಪಾಲಿಗೆ ಆಕಿ ಸತ್ತಾಳ. ಸತ್ತೋರಿಗೆ ಎಡಿ ಇಡೂದು ನಮ್ಮ ಮನಿ ಪದ್ಧತಿ. ಹಾಕು."

ಮಲ್ಲೇಶ್ವರಿ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ಹಂಚಿನ ಮೇಲಿನ ಹೋಳಿಗೆ ಕರಕಾಯಿತು, ತಿರುವಲಿಲ್ಲ. ಒಂದು ಕಡೆ ಮುಖಭಂಗವಾದ ತನ್ನ ತಮ್ಮ ಗುರುಬಸವ, ಇನ್ನೊಂದು ಕಡೆ ಮಗಳು. ಯಾರ ಪರವಾಗಿ ಬಾಯಿ ತೆರೆಯಬೇಕು ಅವಳು? ಎದ್ದು ಬಂದು ಮಗಳ ಎಲೆಗೆ ತಾನೇ ಬಡಿಸಿದಳು. ಎಣ್ಣೆಗಾಯಿ ಬದನೆಕಾಯಿ, ಹೋಳಿಗೆ, ಮೇಲೆ ತುಪ್ಪ. ಜೀವಂತ ಇರುವ ಮಗಳ ಹೆಸರಿನ ತಂಬಿಗೆಗೆ ಕುಂಕುಮವನ್ನೂ ತಾನೇ ಹಚ್ಚಿದಳು. ಅದನ್ನು ಕಂಡು ನನಗೆ ಭಯವಾಯಿತು.

ಮಾತು ಎಲ್ಲಿಗೋ ಹೋಯಿತು. ತಮ್ಮನ ಸನ್ಮಾನದ ದಿನ ಇದನ್ನೆಲ್ಲ ಹೇಳಬೇಕೆಂದು ಬಂದವಳಲ್ಲ ನಾನು. ಹೇಮಾ ಟೀಚರು ನೀರಿನ ಲೋಟ ಮುಂದಕ್ಕೆ ಸರಿಸುತ್ತಿದ್ದಾರೆ. ಸಾಕು ಎಂದೋ, ಕುಡಿಯಿರಿ ಎಂದೋ ತಿಳಿಯಲಿಲ್ಲ. ಕುಡಿದು ಮುಂದುವರಿಸುತ್ತೇನೆ.

ಈಶಪ್ಪನ ಹೆಸರು ದೊಡ್ಡದಾದದ್ದು ಅದರ ಮುಂದಿನ ವರ್ಷ. ನಿಮಗೆಲ್ಲ ನೆನಪಿದೆ. ಬಾಗಿಲು ತೆಗೆದು ನೋಡಿದರೆ ಶಿವಲೀಲಾಳ ಎಲೆಯ ಊಟ ಅರ್ಧ ಖಾಲಿ. ನೆರೆಹೊರೆಯವರೆಲ್ಲ ಓಡಿ ಬಂದಿರಿ. ಮಡಿಯಲ್ಲಿ ನಿಂತು ಕೈ ಮುಗಿದಿರಿ. "ಈಶಪ್ಪನ ಮನ್ಯಾಗ ಹಿರೇರು ಖರೇನ ಬಂದು ಉಣ್ತಾರ" ಎಂದು ಹಿಟ್ನಾಳದವರೆಗೆ ಸುದ್ದಿ ಮುಟ್ಟಿಸಿದಿರಿ. ಮುಂದೆ ಪ್ರತಿ ವರ್ಷ ನೋಡಲು ಬರುತ್ತಿದ್ದಿರಿ. ಪ್ರತಿ ವರ್ಷ ಅದೇ ಎಲೆ, ಅದೇ ರೀತಿ. ಬದನೆಕಾಯಿಯ ತೊಟ್ಟು ಒಂದು ಬದಿಗೆ, ಹೋಳಿಗೆಯ ನಡುವಿನ ಹೂರಣದ ಭಾಗ ಮಾತ್ರ ತಿಂದು ಅಂಚು ಬಳೆಯ ಹಾಗೆ ಬಿಟ್ಟದ್ದು. ಚಿಕ್ಕಂದಿನಿಂದಲೂ ಅವಳು ಹಾಗೆಯೇ ತಿನ್ನುವುದು. ಎಷ್ಟು ಬೈದರೂ ಅಂಚು ತಿನ್ನುತ್ತಿರಲಿಲ್ಲ.

ಆಯಿತು. ಬಾಯಿಯಿಂದ ಬಂತು.

ಗುಜುಗುಜು ಬೇಡ. ಈಶಪ್ಪ, ಏಳಬೇಡ, ಕುಳಿತುಕೋ. ಹಾರ ಹಾಕಿದವರು ಇನ್ನೂ ವೇದಿಕೆಯ ಮೇಲಿದ್ದಾರೆ. ಬಂದ ಮಾತನ್ನು ಅರ್ಧಕ್ಕೆ ಬಿಟ್ಟರೆ ಊರವರು ಉಳಿದರ್ಧವನ್ನು ತಮಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತಾರೆ. ಅದಕ್ಕಿಂತ ನಾನೇ ಹೇಳುವುದು ಒಳ್ಳೆಯದು.

ಉಂಡು ಹೋಗುತ್ತಿದ್ದದ್ದು ಹಿರಿಯರಲ್ಲ. ಶಿವಲೀಲಾ.

ವರ್ಷದಲ್ಲಿ ಒಂದೇ ಒಂದು ಹೊತ್ತು, ಆ ಮನೆಯ ಜನರೆಲ್ಲ ನಡುಮನೆಗೆ ಬೆನ್ನು ಮಾಡಿ ಕುಳಿತಿರುತ್ತಾರೆ. ಬಾಗಿಲು ಮುಚ್ಚಿರುತ್ತದೆ. ಯಾರೂ ಇಣುಕುವುದಿಲ್ಲ. ಇಣುಕಬಾರದೆಂದು ಕಣ್ಣು ಮುಚ್ಚಿ ಕಾಯುವವನು ಸ್ವತಃ ಯಜಮಾನ. ಮಗಳನ್ನು ಮನೆಯೊಳಗೆ ಕರೆದು ಊಟ ಹಾಕಲು ಮಲ್ಲೇಶ್ವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು? ಹಿತ್ತಲ ಬಾಗಿಲಿನ ಅಗುಳಿ ತೆಗೆದಿಟ್ಟು ಬಂದು ಪಡಸಾಲೆಯಲ್ಲಿ ಕುಳಿತುಕೊಳ್ಳುತ್ತಿದ್ದಳು. ಹಿಂದಿನ ಓಣಿಯ ಇಮಾಮಬಾನು ತನ್ನ ಹಿತ್ತಲ ಗೋಡೆಯ ಸಂದಿನಿಂದ ಹುಡುಗಿಯನ್ನು ದಾಟಿಸುತ್ತಿದ್ದಳು. ಇಮಾಮಬಾನು, ಸೆರಗು ಬಾಯಿಗೆ ಇಟ್ಟುಕೊಳ್ಳಬೇಡವೇ. ನೀನು ಮಾಡಿದ್ದು ಪುಣ್ಯದ ಕೆಲಸ.

ನನಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ಹೋಳಿಗೆಯ ಆ ಅಂಚು ಕಂಡು ಮಲ್ಲೇಶ್ವರಿಯ ಮುಖ ನೋಡಿದೆ. ಅವಳು ನೆಲ ನೋಡಿದಳು. ಮುಂದೊಂದು ವರ್ಷ, ಎಡೆಯ ದಿನ ಸಂಜೆ ಪಾತ್ರೆ ತೊಳೆಯುವಾಗ ಅವಳೇ ಮೆಲ್ಲಗೆ ಅಂದಳು:

"ಅಕ್ಕಾರ, ನಾ ಪಡಸಾಲ್ಯಾಗ ಕುಂತಾಗ ಆಕಿ ಬಳಿ ಸಪ್ಪಳ ಕೇಳ್ತೈತ್ರಿ. ಮಾರಿ ನೋಡಾಕ ಆಗಂಗಿಲ್ಲ. ಬಳಿ ಸಪ್ಪಳ ಆತಂದ್ರ ಉಣ್ಣಾಕತ್ತಾಳ ಅಂತ ತಿಳ್ಕೊಂತೀನಿ."

ಕೇಳಿದಿರಾ, ತಾಯಂದಿರೇ? ಒಂದು ಬಾಗಿಲಿನ ಈಚೆ ತಾಯಿ, ಆಚೆ ಮಗಳು. ನಡುವೆ ಯಜಮಾನನ ಪದ್ಧತಿ. ವರ್ಷಕ್ಕೊಮ್ಮೆ ಬಳೆಯ ಸಪ್ಪಳ. ಹೋಗುವಾಗ ಆ ಹಸಿರು ಸೀರೆಯನ್ನು ಒಯ್ಯಬಾರದಿತ್ತು, ಒಯ್ದರೆ ಗುಟ್ಟು ತಿಳಿಯುತ್ತದೆ. ಮೈಮೇಲೆ ಹಾಕಿಕೊಂಡು, ಮತ್ತೆ ಮಡಚಿ, ಇದ್ದ ಹಾಗೆ ಇಟ್ಟು ಹೋಗುತ್ತಿದ್ದಳು. ಆ ಸೀರೆಯ ಮಡಿಕೆಯಲ್ಲಿ ಆಸ್ಪತ್ರೆಯ ಸಾಬೂನಿನ ವಾಸನೆ ಇರುತ್ತಿತ್ತು. ಮಲ್ಲೇಶ್ವರಿ ಅದನ್ನು ಪೆಟ್ಟಿಗೆಯಲ್ಲಿ ಇಡದೆ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು.

ಈಗ ನಾಟಕದ ವಿಷಯಕ್ಕೆ ಬರುತ್ತೇನೆ. ನಾಟಕದಲ್ಲಿ ದೆವ್ವ ಬಂದಷ್ಟೂ ಸಾಹುಕಾರ ಮೆತ್ತಗಾದ. ನಮ್ಮ ಮನೆಯಲ್ಲಿ ಏನಾಯಿತು? ಎಲೆ ಖಾಲಿಯಾದಷ್ಟೂ ಈಶಪ್ಪ ಗಟ್ಟಿಯಾದ. ಆ ಮೊದಲ ಸಲವೇ ಎಲೆ ನೋಡಿ ಎದೆ ಉಬ್ಬಿಸಿಕೊಂಡು ಊರವರ ಮುಂದೆ ಅಂದಿದ್ದ:

"ನೋಡ್ರಿ, ನಮ್ಮ ಹಿರೇರು ಆಕಿ ಎಡಿ ಉಂಡಾರ. ಆಕಿ ಸತ್ತದ್ದು ಹಿರೇರಿಗೂ ಒಪ್ಪಿಗಿ ಐತಿ."

ತಾಯಿ ಹಾಕಿದ ಅನ್ನ ಮಗಳು ಉಂಡದ್ದೇ ಅವಳ ಸಾವಿಗೆ ಸಾಕ್ಷಿಯಾಯಿತು. ಒಂದೊಂದು ವರ್ಷ ಒಂದೊಂದು ತುತ್ತಿಗೆ ಅವಳು ಇನ್ನಷ್ಟು ಸತ್ತಳು. ಟೀಚರೇ, ಇಂಥ ದೆವ್ವದ ನಾಟಕ ನಿಮ್ಮ ಪುಸ್ತಕದಲ್ಲಿ ಇದೆಯೇ?

ಮುಖಭಂಗವಾಯಿತು ಎನ್ನಲಾದ ಗುರುಬಸವನಾದರೂ ಸಿಟ್ಟು ಇಟ್ಟುಕೊಂಡನೇ? ಅವನು ಬೇರೆ ಮದುವೆಯಾದ. ಅವನ ಹೆಂಡತಿಗೆ ಹೆರಿಗೆ ಕಷ್ಟವಾಗಿ ಗಂಗಾವತಿಗೆ ಒಯ್ದಾಗ ಕೂಸನ್ನು ಮೊದಲು ಕೈಗೆ ತೆಗೆದುಕೊಂಡವಳು ಇದೇ ಶಿವಲೀಲಾ. "ಅವತ್ತು ನನ್ನ ಒಲ್ಲೆ ಅಂದಾಕಿ ಇವತ್ತು ನನ್ನ ಮಗನ್ನ ತಂದು ಕೊಟ್ಟಾಳ" ಎಂದು ಅವನೇ ನಕ್ಕು ಹೇಳಿದ. ಹೆಗಲ ಮೇಲೆ ಹೊತ್ತವನು ಇಳಿಸಿ ನಕ್ಕ. ಹಡೆದಪ್ಪನೇ ಸಿಟ್ಟು ಇಳಿಸಲಿಲ್ಲ.

ಹೋದ ವರ್ಷದ ಹಿಂದಿನ ವರ್ಷ, ಸಂಕ್ರಾಂತಿಯ ಚಳಿಯಲ್ಲಿ ಮಲ್ಲೇಶ್ವರಿ ಎದೆನೋವೆಂದು ಕುಳಿತಳು. ಕೊಪ್ಪಳಕ್ಕೆ ಒಯ್ಯುವಾಗ ಹಿಟ್ನಾಳ ದಾಟುವುದರೊಳಗೆ ಹೋಗಿಬಿಟ್ಟಳು. ಗಾಡಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅವಳ ಕೈ ಅಗುಳಿ ಸರಿಸುವ ಹಾಗೆ ಎರಡು ಸಲ ಆಡಿತು. ಸಾಯುವವರ ಕೈ ಹಾಗೆ ಆಡುತ್ತದೆ ಎಂದು ಪಕ್ಕದಲ್ಲಿದ್ದವರು ಅಂದರು. ನನಗೆ ಅರ್ಥವಾಯಿತು.

ತಾಯಿಯನ್ನು ಮಣ್ಣು ಮಾಡುವ ದಿನ ಶಿವಲೀಲಾ ಬಂದಳು. ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿಯೇ ಬಂದಿದ್ದಳು, ಬದಲಿಸಲು ಹೊತ್ತಿರಲಿಲ್ಲ. ಮನೆಯ ಮುಂದೆ ಈಶಪ್ಪ ಅಡ್ಡ ನಿಂತ. ಅವನು ಅಂದ ಮಾತು ನಿಮಗೂ ಕೇಳಿಸಿತ್ತು.

"ಸತ್ತೋರು ಮಣ್ಣಿಗೆ ಬರಾಂಗಿಲ್ಲ."

ಅಷ್ಟೇ. ನೀವೆಲ್ಲ ಅಲ್ಲಿದ್ದಿರಿ. ಹೆಡ್ ಮಾಸ್ತರರೇ, ನೀವು ಕಟ್ಟೆಯ ಮೇಲೆ ನಿಂತಿದ್ದಿರಿ. ಶಬ್ಬೀರಸಾಬ, ನೀನು ಕುರ್ಚಿ ಇಳಿಸುತ್ತಿದ್ದೆ. ಒಬ್ಬರಾದರೂ "ಹೋಗ್ಲಿ ಬಿಡೋ ಈಶಪ್ಪ, ಹಡೆದ ತಾಯಿ" ಎಂದಿರಾ? ನಾನು ಅಂದೆ. ಮುದುಕಿಯ ಮಾತು ಹೆಣದ ಮುಂದೆ ಬಡಿಯುವ ಹಲಗೆಯ ಸಪ್ಪಳದಲ್ಲಿ ಮುಳುಗಿತು. ಹುಡುಗಿ ಇಮಾಮಬಾನುವಿನ ಮಾಳಿಗೆಯ ಮೇಲೆ ನಿಂತು ತಾಯಿ ಹೋಗುವುದನ್ನು ನೋಡಿದಳು. ಶುರುವಿಗೆ ನಿಮ್ಮನ್ನು ಬೈದದ್ದು ಮೊಬೈಲಿಗಾಗಿ ಎಂದುಕೊಂಡಿರಾ?

ಆ ವರ್ಷದ ಅಮಾವಾಸ್ಯೆ ಬಂತು. ಈಶಪ್ಪ ಎರಡು ಸೀರೆ ತಂದ. ಹೆಂಡತಿಗೆ ಒಂದು, ಮಗಳಿಗೆ ಒಂದು. ಇಬ್ಬರ ಎಲೆಗಳನ್ನೂ ಪಕ್ಕಪಕ್ಕ ಹಾಕು ಎಂದ. ಹಾಕಿದೆ. ಮೊಣಕಾಲು ನೋವು, ಪಡಸಾಲೆಯಲ್ಲಿ ಕುಳಿತುಕೊಳ್ಳಲಾರೆ ಎಂದು ಹೇಳಿ ಹಿತ್ತಲಿಗೆ ಹೋಗಿ ಅಗುಳಿ ತೆಗೆದು ಕುಳಿತೆ. ಹುಡುಗಿ ಬಂದಳು. ಎಷ್ಟೋ ವರ್ಷಗಳ ಮೇಲೆ ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದೆ. ಕೂದಲಲ್ಲಿ ಬಿಳಿ ಬಂದಿದೆ. ನನ್ನನ್ನು ದಾಟಿ ಒಳಗೆ ಹೋದಳು. ಬಳೆಯ ಸಪ್ಪಳ ಕೇಳಲು ಕಿವಿ ಕೊಟ್ಟು ಕುಳಿತೆ. ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು.

"ಉಂಡಿಯೇನವ್ವ?"

"ಇಲ್ಲ ಅತ್ತಿ. ಅವ್ವ ಖರೇನ ಸತ್ತಾಳ, ನಾ ಸುಳ್ಳ ಸತ್ತೀನಿ. ಆಕಿ ಮಗ್ಗಲಕ್ಕ ಕುಂತು ನಾ ಹೆಂಗ ಉಣ್ಲಿ? ಇಷ್ಟ ದಿನ ಅವ್ವ ಹೊರಗ ಕುಂತಾಳ ಅಂತ ಸತ್ತಂಗ ಬಂದು ಉಂಡು ಹೋದ್ನಿ. ಇನ್ನ ಬರಾಂಗಿಲ್ಲ."

"ನಾ ಅದೀನಲ್ಲವ್ವ."

"ನೀ ಅದಿ. ಅದಕ್ಕ ನಿನಗ ಹೇಳ್ತೀನಿ. ಅಪ್ಪ ಕರದ್ರ ಮುಂದಿನ ಬಾಗಲಕ್ಕ ಬರ್ತೀನಿ. ದಿನಾ ಉಣ್ಣೋ ತಾಟಿನ್ಯಾಗ ಹಾಕ್ರಿ, ಉಣ್ತೀನಿ. ಸತ್ತೋರ ಎಲಿ ಮ್ಯಾಲಿಂದು ಇನ್ನ ಮುಟ್ಟಂಗಿಲ್ಲ."

ಹೋದಳು. ಹೋಗುವಾಗ ನನ್ನ ಮೊಣಕಾಲು ಒತ್ತಿ ನೋಡಿ, ಯಾವ ಎಣ್ಣೆ ಹಚ್ಚಬೇಕೆಂದು ಹೇಳಿದಳು. ಸತ್ತವಳು ಹೇಳಿದ ಎಣ್ಣೆಯನ್ನೇ ಈಗಲೂ ಹಚ್ಚುತ್ತೇನೆ, ಗುಣ ಇದೆ.

ಈಶಪ್ಪ ಕೆಮ್ಮಿ, ಬಾಗಿಲು ತಟ್ಟಿ ತೆಗೆದ. ಎರಡೂ ಎಲೆಗಳು ಬಡಿಸಿದ ಹಾಗೆಯೇ ಇದ್ದವು. ತುಪ್ಪ ಹೆಪ್ಪುಗಟ್ಟಿತ್ತು. ಊರಿನ ಹತ್ತಾರು ಮಂದಿ ಅಂಗಳದಲ್ಲಿ ಕಾಯುತ್ತಿದ್ದರು. ಅವನು ಹೊಸ್ತಿಲ ಮೇಲೆ ಕುಸಿದು ಕುಳಿತ.

"ಮಲ್ಲವ್ವ ಬರಲಿಲ್ಲಕ್ಕಾ. ಸಿಟ್ಟಾಗ್ಯಾಳ. ನನ್ನ ಕೈಯಾಗಿನ ಅನ್ನ ಆಕಿಗೆ ಬ್ಯಾಡಾಗೇತಿ."

ಆವತ್ತು ನನಗೆ ನನ್ನ ತಮ್ಮ ಚಡ್ಡಿ ಹಾಕಿಕೊಂಡಿದ್ದ ಈಶಪ್ಪನಾಗಿ ಕಂಡ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಇಷ್ಟು ವರ್ಷ ಉಂಡದ್ದು ಮಗಳು, ಇವತ್ತು ಉಣ್ಣದೆ ಹೋದದ್ದೂ ಮಗಳು ಎಂದು. ಅಷ್ಟರಲ್ಲಿ ಅವನು ಎದ್ದು ಅಂದ: "ಆಕಿ ಹೆಸರಿಲೆ ಏನರ ದೊಡ್ಡದು ಕಟ್ಟಸ್ತೀನಿ. ಆಗ ಬರ್ತಾಳ." ಹೋದ ವರ್ಷವೂ ಎಲೆಗಳು ಹಾಗೆಯೇ ಉಳಿದವು. ಅವನು ಸಿಮೆಂಟು ಇಳಿಸಿದ.

ಸಭಿಕರೇ, ನೀವು ಈಗ ಕುಳಿತಿರುವುದು ಅದರೊಳಗೆ. ಮೇಲೆ ಕಲ್ಲಿನ ಮೇಲೆ ಬರೆದಿದೆ, ಓದಿರಿ. ದಿವಂಗತ ಮಲ್ಲೇಶ್ವರಿ ಸ್ಮಾರಕ ರಂಗಮಂದಿರ. ಇಷ್ಟು ದೊಡ್ಡ ಚಾವಣಿ, ಇಷ್ಟು ಫ್ಯಾನು, ಬಣ್ಣದ ಪರದೆ. ಎಲ್ಲವೂ ಒಂದು ತುತ್ತಿಗಾಗಿ. ಎಲೆಯ ಮೇಲಿನ ಒಂದು ಹೋಳಿಗೆಯ ನಡುಭಾಗ ಖಾಲಿಯಾಗಲಿ ಎಂಬ ಆಸೆಗಾಗಿ. ಊರಿಗೆ ಒಳ್ಳೆಯದಾಯಿತು, ಮಕ್ಕಳಿಗೆ ನೆರಳಾಯಿತು. ನಾನು ಬೇಡ ಎನ್ನುವುದಿಲ್ಲ. ಆದರೆ ತಮ್ಮ, ಮಲ್ಲೇಶ್ವರಿ ಎಂದೂ ಫ್ಯಾನು ಕೇಳಿದವಳಲ್ಲ. ಅವಳು ಕೇಳಿದ್ದು ಬಳೆಯ ಸಪ್ಪಳ.

ದೆವ್ವಗಳ ಕೆಲಸ ಏನು ಎಂದು ಹೇಮಾ ಟೀಚರು ಮಕ್ಕಳಿಗೆ ಪ್ರಶ್ನೆ ಕೊಟ್ಟಿದ್ದಾರಂತೆ, ಉತ್ತರ ಬರೆಯಲು. ನನ್ನ ಉತ್ತರ ಬರೆದುಕೊಳ್ಳಿರಿ ಮಕ್ಕಳೇ. ದೆವ್ವದ ಕೈಯಲ್ಲಿ ಏನೂ ಆಗುವುದಿಲ್ಲ. ಅದು ಬರುತ್ತದೆ, ಕುಳಿತುಕೊಳ್ಳುತ್ತದೆ, ಹಸಿದಿರುತ್ತದೆ. ನಡುವಿನ ಬಾಗಿಲು ತೆಗೆದು ಅದರ ಮುಖ ನೋಡುವ ಕೆಲಸ ಬದುಕಿದವನದು. ಸಾಹುಕಾರ ಒಳ್ಳೆಯವನಾದದ್ದು ದೆವ್ವ ಬಂದದ್ದರಿಂದಲ್ಲ, ಅವನು ಕಣ್ಣು ತೆರೆದುಕೊಂಡಿದ್ದರಿಂದ. ಈಶಪ್ಪ ಕಂಬದ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡಿದ್ದ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗದಿದ್ದರೆ ನನ್ನ ಹತ್ತಿರ ಬನ್ನಿರಿ, ನಾನು ಟೀಚರ ಜೊತೆ ಜಗಳವಾಡುತ್ತೇನೆ.

ಇನ್ನು ಆ ಮೂರನೆಯ ದೆವ್ವ. ಮಾತು ಮರೆತು ಬೆರಳು ತೋರಿಸುತ್ತ ನಿಂತಳಲ್ಲ, ಆ ಹುಡುಗಿಯ ಬೆರಳು ಎತ್ತ ಕಡೆಗಿತ್ತು, ಗಮನಿಸಿದಿರಾ? ಪಾಪ, ಅವಳಿಗೆ ಗೊತ್ತಿಲ್ಲ. ಈಶಪ್ಪನ ಕುರ್ಚಿಯ ಕಡೆಗಿತ್ತು. ಮುಂದೆ ಆಗುವುದನ್ನು ತೋರಿಸುವ ದೆವ್ವ ಅದು. ಅದು ಮರೆತ ಮಾತನ್ನು ನಾನು ಹೇಳುತ್ತೇನೆ.

ಈಶಪ್ಪ, ನಾನು ನಿನಗಿಂತ ದೊಡ್ಡವಳು, ಮೊದಲು ಹೋಗುತ್ತೇನೆ. ನಿನ್ನ ಹೆಂಡತಿ ಹೋಗಿದ್ದಾಳೆ. ನಾಳೆ ನೀನೂ ಹೋಗುತ್ತೀಯ. ಆ ವರ್ಷ ಮಾನಮಿ ಅಮಾವಾಸ್ಯೆ ಬರುತ್ತದೆ, ಬರದೇ ಇರುವುದಿಲ್ಲ. ನೀನು ಹಸಿದುಕೊಂಡು ಆ ನಡುಮನೆಗೆ ಬರುತ್ತೀಯ. ಕಂಬಳಿ ಹಾಸಿರುವುದಿಲ್ಲ. ಒಲೆ ಹೊತ್ತಿರುವುದಿಲ್ಲ. ಬಾಗಿಲಿನ ಆಚೆ ಬೆನ್ನು ಮಾಡಿ ಕುಳಿತವರು ಯಾರೂ ಇರುವುದಿಲ್ಲ. ನಿನಗೆ ಎಲೆ ಹಾಕುವವರು ಯಾರು? ಒಬ್ಬಳೇ ಮಗಳು. ಅವಳನ್ನು ನೀನೇ ಸಾಯಿಸಿ ಇಟ್ಟಿದ್ದೀಯ. ಸತ್ತವರು ಸತ್ತವರಿಗೆ ಎಡೆ ಇಡುವ ಪದ್ಧತಿ ಯಾವ ಮನೆಯಲ್ಲಿದೆ, ತೋರಿಸು.

ನನಗೂ ಯಾರೂ ಇಲ್ಲ, ಬಿಡು. ನಾನು ದೊಡ್ಡ ಊಟ ಕೇಳುವವಳಲ್ಲ. ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟರೆ ಸಾಕು. ಸುಣ್ಣ ಸ್ವಲ್ಪ ಹೆಚ್ಚು ಇರಲಿ. ಅದನ್ನು ಹುಡುಗಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಹಿತ್ತಲಲ್ಲಿ ನಿಂತು ಇಂಥದ್ದನ್ನೆಲ್ಲ ಹೇಳಲಾಗುವುದಿಲ್ಲ. ಇರಲಿ. ಇದು ಭಾಷಣದ ಮಾತಲ್ಲ.

ಹೊತ್ತಾಯಿತು. ಹುಗ್ಗಿ ಆರುತ್ತಿದೆ. ಈ ಮುದುಕಿಯನ್ನು ಮೈಕಿನ ಮುಂದೆ ನಿಲ್ಲಿಸಿದ ಹೆಡ್ ಮಾಸ್ತರರಿಗೆ ನನ್ನ ಉಪಕಾರ. ಇನ್ನು ಮುಂದೆ ಅವರು ಯಾವ ಮುದುಕಿಯನ್ನೂ ಕರೆಯಲಾರರು, ಆ ಪುಣ್ಯವೂ ನನಗೇ ಇರಲಿ. ನಾಟಕ ಕಲಿಸಿದ ಹೇಮಾ ಟೀಚರಿಗೆ, ಚಾದರ ಹೊದ್ದ ದೆವ್ವಗಳಿಗೆ, ಗುಟ್ಟು ಕಾಯ್ದ ಇಮಾಮಬಾನುವಿಗೆ, ಬೈಸಿಕೊಂಡು ಕುಳಿತ ನಿಮಗೆಲ್ಲ ಉಪಕಾರ.

ಕಡೆಯದಾಗಿ, ತಮ್ಮ. ಶಾಲಿನ ಅಂಚಿನಿಂದ ಮುಖ ಮುಚ್ಚಿಕೊಂಡರೂ ಕಿವಿ ತೆರೆದಿವೆ, ಕೇಳು. ಈ ಸಲ ಹಿತ್ತಲ ಬಾಗಿಲಿಗೆ ನಾನು ಬೀಗ ಹಾಕುತ್ತೇನೆ. ಅಲ್ಲಿಂದ ಇನ್ನು ಯಾರೂ ಬರುವುದಿಲ್ಲ, ಬರಲೂಬಾರದು. ಮಲ್ಲೇಶ್ವರಿಗೆ ಒಳಗೆ ಎಲೆ ಹಾಕುತ್ತೇನೆ, ಅದು ಅವಳ ಹಕ್ಕು. ಶಿವಲೀಲಾಳಿಗೆ ಅವಳ ಪಕ್ಕದಲ್ಲಿ ಎಲೆಯೋ, ಪಡಸಾಲೆಯಲ್ಲಿ ನಿನ್ನ ಪಕ್ಕದಲ್ಲಿ ತಾಟೋ? ಎಲೆ ಎಂದರೆ ಈ ವರ್ಷ ಅದನ್ನು ನೀನೇ ಹಾಸಿಕೋ, ನನ್ನ ಕೈ ಏಳುವುದಿಲ್ಲ. ತಾಟು ಎಂದರೆ ಗಂಗಾವತಿಗೆ ಹೋಗಿ ಕರೆಯಬೇಕಾದವನು ನೀನು. ಅಕ್ಕನನ್ನು ಕಳಿಸಬೇಡ, ಫೋನಿನಲ್ಲಿ ಮುಗಿಸಬೇಡ. ಇವತ್ತೇ ಹೇಳು ಎನ್ನುವುದಿಲ್ಲ, ಇಷ್ಟು ಜನರ ಮುಂದೆ ನಿನಗೆ ಬಾಯಿ ಬರುವುದಿಲ್ಲ ಎಂದು ಗೊತ್ತು. ಮುಂದಿನ ತಿಂಗಳು ಹುಟ್ಟುವುದರೊಳಗೆ ನನಗೆ ಉತ್ತರ ಕೊಡು.

ನಮಸ್ಕಾರ.